ವೇಪ್ ಬಿಡಲು 1800-11-2356: ಸಹಾಯವಾಣಿ, ಕ್ಲಿನಿಕ್ ಮತ್ತು ವೈದ್ಯರ ಮಾತು

ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಎಂಬ ಸಂಖ್ಯೆಯನ್ನು ಸೇದುವವರೆಲ್ಲ ದಿನವೂ ನೋಡುತ್ತಾರೆ, ಆದರೆ ಆ ಸಂಖ್ಯೆಗೆ ಕರೆ ಮಾಡಿದವರು ನನ್ನ ಬಳಗದಲ್ಲಿ ಬಹಳ ಕಡಿಮೆ. ಕೇಂದ್ರ ಆರೋಗ್ಯ ಸಚಿವಾಲಯದ ಈ ತಂಬಾಕು ತ್ಯಜನ ಸಹಾಯವಾಣಿ 2016ರ ಮೇ ತಿಂಗಳಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ಶುರುವಾಗಿ, 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮುಂಬೈಯ ಟಾಟಾ ಮೆಮೋರಿಯಲ್ ಮತ್ತು ಗುವಾಹಟಿಯ ಕ್ಯಾನ್ಸರ್ ಸಂಸ್ಥೆಗೂ ವಿಸ್ತರಿಸಿತು. ನಿಮ್ಹಾನ್ಸ್ ಕೇಂದ್ರದಲ್ಲಿ ಕನ್ನಡದಲ್ಲಿ ಮಾತನಾಡುವ ಆಪ್ತಸಮಾಲೋಚಕರಿದ್ದಾರೆ. ಕರೆಗೂ ಹಣವಿಲ್ಲ, ಸಮಾಲೋಚನೆಗೂ ಹಣವಿಲ್ಲ. ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಈ ಸೇವೆ ದೊರೆಯುತ್ತದೆ. ಈ ಸಹಾಯವಾಣಿಯನ್ನೂ, ಅದರ ಬೆನ್ನಿಗೆ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರವನ್ನೂ ನನ್ನ ತಮ್ಮನಿಗಾಗಿ ಬಳಸಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಬೀಡಿ, ಸಿಗರೇಟು, ಗುಟ್ಕಾ ಬಿಡಲು ಈ ಸೇವೆ ಹೇಗಿದೆ ಎಂಬುದನ್ನು ಬೇರೆಯವರೂ ಹೇಳಬಲ್ಲರು. ನಾನು ಹತ್ತಿರದಿಂದ ನೋಡಿದ್ದು ಬೇರೊಂದು ಬಗೆಯ ಪ್ರಕರಣವನ್ನು. ಸಿಗರೇಟು ಬಿಡುವ ಉದ್ದೇಶದಿಂದಲೇ ವೇಪ್, ಅಂದರೆ ನಿಕೋಟಿನ್ ಬೆರೆತ ದ್ರವವನ್ನು ಬಿಸಿ ಮಾಡಿ ಆವಿಯನ್ನು ಎಳೆಯುವ ಇ-ಸಿಗರೇಟು ಹಿಡಿದು, ಕೊನೆಗೆ ಎರಡನ್ನೂ ಸೇದುವ ಸ್ಥಿತಿಗೆ ಬಂದ ಮನುಷ್ಯ ವೈದ್ಯರ ಮುಂದೆ ಕುಳಿತಾಗ ಅವನಿಗೆ ಯಾವ ಉತ್ತರ ಸಿಗುತ್ತದೆ, ಆ ಉತ್ತರ ಕೇಳಿ ಅವನು ಚಟದಿಂದ ದೂರ ಸರಿಯುತ್ತಾನೋ ವೈದ್ಯರಿಂದಲೇ ದೂರ ಸರಿಯುತ್ತಾನೋ ಎಂಬುದು ನನ್ನ ಮಟ್ಟಿಗೆ ಈ ಸೇವೆಯನ್ನು ಅಳೆಯುವ ಮುಖ್ಯ ಮಾನದಂಡವಾಯಿತು.

ತಮ್ಮನ ಬಳಿ ಇದ್ದದ್ದು ದ್ರವ ಮುಗಿದ ಮೇಲೆ ಬಿಸಾಡುವ ಬಗೆಯ ವೇಪ್. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಗಾತ್ರ, ನುಣುಪಾದ ಪ್ಲಾಸ್ಟಿಕ್ ಮೈ, ಎಳೆದಾಗ ಬುಡದಲ್ಲಿ ಹೊತ್ತಿಕೊಳ್ಳುವ ನೀಲಿ ದೀಪ, ಎಳೆದ ಮೇಲೆ ಕೋಣೆಯಲ್ಲಿ ಉಳಿಯುವ ಮಾವಿನ ಸುವಾಸನೆ. ಅದರ ಡಬ್ಬಿಯ ಮೇಲೆ '5%' ಎಂದು ಬರೆದಿತ್ತು. ತಯಾರಕರ ವಿಳಾಸವಾಗಲಿ, ಬ್ಯಾಚ್ ಸಂಖ್ಯೆಯಾಗಲಿ, ಗರಿಷ್ಠ ಮಾರಾಟ ಬೆಲೆಯಾಗಲಿ ಇರಲಿಲ್ಲ. ಆ 5% ಎಂದರೆ ಪ್ರತಿ ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ನಿಕೋಟಿನ್. ಇ-ಸಿಗರೇಟು ಮಾರಾಟಕ್ಕೆ ಅವಕಾಶವಿರುವ ಬ್ರಿಟನ್ನಿನಲ್ಲಿ ಕಾನೂನು ಒಪ್ಪುವ ಗರಿಷ್ಠ ಮಿತಿ 20 ಮಿಲಿಗ್ರಾಂ. ನಮ್ಮಲ್ಲಿ ಕದ್ದು ಮಾರುವ ಈ ವಸ್ತುವಿನೊಳಗೆ ಬರೆದಷ್ಟೇ ನಿಕೋಟಿನ್ ಇದೆಯೋ, ಇನ್ನೇನು ಬೆರೆತಿದೆಯೋ ಎಂದು ಪರೀಕ್ಷಿಸಿ ಹೇಳುವವರು ಯಾರೂ ಇಲ್ಲ.

ಅದರ ಮೇಲೆ ಇಲ್ಲದ ಇನ್ನೊಂದು ವಿವರವೂ ನನಗೆ ಬಹಳ ಮುಖ್ಯವೆನಿಸಿತು. ಕಾನೂನುಬದ್ಧ ಸಿಗರೇಟು ಪ್ಯಾಕಿನ ಶೇಕಡಾ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರವಿರುತ್ತದೆ, 2018ರ ಸೆಪ್ಟೆಂಬರ್‌ನಿಂದ ಅದರಲ್ಲೇ ಸಹಾಯವಾಣಿಯ ಸಂಖ್ಯೆಯೂ ಇರುತ್ತದೆ. ವೇಪ್ ನಿಷೇಧಿತ ವಸ್ತುವಾದ್ದರಿಂದ ಅದಕ್ಕೆ ಎಚ್ಚರಿಕೆಯ ನಿಯಮ ಅನ್ವಯಿಸುವುದೇ ಇಲ್ಲ, ಹಾಗಾಗಿ ಸಂಖ್ಯೆಯೂ ಇಲ್ಲ. ಸಿಗರೇಟನ್ನೇ ಮುಟ್ಟದೆ ನೇರವಾಗಿ ವೇಪ್ ಹಿಡಿದ ಕಾಲೇಜು ಹುಡುಗನ ಕಣ್ಣಿಗೆ ಈ ಸಹಾಯವಾಣಿ ಬೀಳುವ ದಾರಿಯೇ ಇಲ್ಲ. ಅಂಥವನಿಗೆ ಅದನ್ನು ತಿಳಿಸಬೇಕಾದವರು ವೈದ್ಯರು, ಆದ್ದರಿಂದಲೇ ವೈದ್ಯರ ಧೋರಣೆಗೆ ಇಲ್ಲಿ ಇಷ್ಟು ತೂಕ.

ನಾವು ಮೊದಲು ಹೋದದ್ದು ಮನೆಯ ಹತ್ತಿರದ ಒಂದು ಖಾಸಗಿ ಕ್ಲಿನಿಕ್ಕಿಗೆ. ತಮ್ಮನಿಗೆ ಕೆಮ್ಮು ಬಿಟ್ಟಿರಲಿಲ್ಲ, ರಾತ್ರಿ ಎದೆ ಬಡಿತ ಜೋರಾಗುತ್ತದೆ ಎನ್ನುತ್ತಿದ್ದ. ಅಲ್ಲಿನ ವೈದ್ಯರು ವೇಪ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಬರೆಯುವುದನ್ನು ನಿಲ್ಲಿಸಿದರು. "ಸಿಗರೇಟಿಗಿಂತ ಇದು ಕೆಟ್ಟದ್ದು. ಕ್ಯಾನ್ಸರ್ ತರುವುದೇ ನಿಕೋಟಿನ್. ಕಾನೂನುಬಾಹಿರ ಬೇರೆ. ಮೊದಲು ಅದನ್ನು ಬಿಸಾಡಿ, ಆಮೇಲೆ ಬನ್ನಿ," ಎಂದರು. ಕೆಮ್ಮಿಗೆ ಔಷಧಿ ಬರೆದರು, ಚಟಕ್ಕೆ ಏನನ್ನೂ ಬರೆಯಲಿಲ್ಲ. ಅವರ ಕಾಳಜಿ ನಿಜವಾದದ್ದೇ ಇರಬಹುದು. ಆದರೆ ಆ ಎರಡು ನಿಮಿಷದ ಮಾತಿನ ಫಲವನ್ನು ನಾವು ಬಹಳ ಕಾಲ ಅನುಭವಿಸಿದೆವು. ನಿಕೋಟಿನ್ನೇ ಕ್ಯಾನ್ಸರಿಗೆ ಕಾರಣ ಎಂಬುದನ್ನು ತಮ್ಮ ಅಕ್ಷರಶಃ ನಂಬಿದ, ನಂತರ ಮೆಡಿಕಲ್ ಶಾಪಿನಲ್ಲಿ, ಸೇದುವುದನ್ನು ಬಿಡಲು ಜಗಿಯುವ ನಿಕೋಟಿನ್ ಗಮ್ ಕೊಡಿಸಲು ಹೋದಾಗ "ಅದೂ ಅದೇ ವಿಷ ಅಲ್ಲವೇನಣ್ಣ, ದುಡ್ಡು ಕೊಟ್ಟು ಇನ್ನೊಂದು ಕ್ಯಾನ್ಸರ್ ಯಾಕೆ?" ಎಂದು ವಾಪಸು ಇಟ್ಟುಬಿಟ್ಟ. ಗಮ್ಮೂ ಬೇಡ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚೂ ಬೇಡ ಎಂದಾದ ಮೇಲೆ ಅವನ ಕೈಯಲ್ಲಿ ಉಳಿದದ್ದು ಸಿಗರೇಟು ಮತ್ತು ವೇಪ್ ಮಾತ್ರ.

ಇದು ಆ ಒಬ್ಬ ವೈದ್ಯರದಷ್ಟೇ ತಪ್ಪು ತಿಳಿವಳಿಕೆಯಲ್ಲ ಎಂಬುದು ಓದುತ್ತ ಹೋದಂತೆ ಗೊತ್ತಾಯಿತು. ಅಮೆರಿಕದಲ್ಲಿ ಸಾವಿರಕ್ಕೂ ಹೆಚ್ಚು ವೈದ್ಯರನ್ನು ಕೇಳಿ ನಡೆಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಸುಮಾರು ಶೇಕಡಾ 80ರಷ್ಟು ವೈದ್ಯರು ನಿಕೋಟಿನ್ ನೇರವಾಗಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಬಲವಾಗಿ ಒಪ್ಪಿದ್ದರು. ನಿಕೋಟಿನ್ ನಿರುಪದ್ರವಿ ಎಂದು ಯಾರೂ ಹೇಳುವುದಿಲ್ಲ. ಅದು ಚಟ ಹಿಡಿಸುತ್ತದೆ, ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಗರ್ಭಿಣಿಯರಿಗೂ ಬೆಳೆಯುವ ಮಿದುಳಿನ ಹದಿಹರೆಯದವರಿಗೂ ಹಾನಿ ಮಾಡುತ್ತದೆ. ಆದರೆ ಸೇದುವವರನ್ನು ಕೊಲ್ಲುವ ಕ್ಯಾನ್ಸರಿನ ಮೂಲ ಇರುವುದು ತಂಬಾಕು ಸುಟ್ಟಾಗ ಹುಟ್ಟುವ ಟಾರು ಮತ್ತು ಅದರೊಳಗಿನ ರಾಸಾಯನಿಕಗಳಲ್ಲಿ. ನಿಕೋಟಿನ್ ಗಮ್ ಮತ್ತು ಪ್ಯಾಚು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಈ ವ್ಯತ್ಯಾಸವನ್ನು ಬಿಡಿಸಿ ಹೇಳದ ವೈದ್ಯರು ವೇಪಿನಿಂದ ರೋಗಿಯನ್ನು ದೂರ ಮಾಡಲು ಹೋಗಿ ತಮ್ಮದೇ ಕೈಯಲ್ಲಿರುವ ಔಷಧಿಯಿಂದಲೂ ಅವನನ್ನು ದೂರ ಮಾಡುತ್ತಾರೆ.

ಹೀಗೆ ದಾರಿ ಕಟ್ಟಿದ ಮೇಲೆ ಸಹಾಯವಾಣಿಗೆ ಕರೆ ಮಾಡಿದೆವು. ಮೊದಲು ನಾನೇ ಮಾತನಾಡಿದೆ. ಮನೆಯವರ ಪರವಾಗಿ ವಿಚಾರಿಸಬಹುದು, ಆದರೆ ನೋಂದಾಯಿಸಿಕೊಳ್ಳಬೇಕಾದರೆ ಬಿಡಬೇಕೆನ್ನುವವರೇ ಮಾತನಾಡಬೇಕು ಎಂದು ಸಮಾಲೋಚಕಿ ವಿನಯದಿಂದ ತಿಳಿಸಿದರು. ಅದು ಸರಿಯಾದ ಕ್ರಮವೇ. ಬಲವಂತಕ್ಕೆ ಕರೆ ಮಾಡಿಸಿದವನು ಮರುದಿನ ಫೋನ್ ಎತ್ತುವುದಿಲ್ಲ. ತಮ್ಮ ಫೋನ್ ತೆಗೆದುಕೊಂಡು ಮೊದಲು ಕೇಳಿದ್ದು, ತಾನು ವೇಪ್ ಸೇದುತ್ತೇನೆಂದು ಹೇಳಿದರೆ ಪೊಲೀಸರಿಗೆ ತಿಳಿಯುತ್ತದೆಯೇ ಎಂಬುದನ್ನು. ನಮ್ಮಲ್ಲಿ ವೈದ್ಯರ ಮುಂದೆ ಬಾಯಿ ಬಿಡದ ಎಷ್ಟು ಜನರ ಮನಸ್ಸಿನಲ್ಲಿ ಈ ಪ್ರಶ್ನೆ ಇದ್ದೀತು ಎಂದು ನನಗೆ ಆಗ ಹೊಳೆಯಿತು. ಹೇಳಿದ್ದು ತಮ್ಮೊಳಗೇ ಇರುತ್ತದೆ, ಚಟ ಬಿಡಿಸುವುದಷ್ಟೇ ತಮ್ಮ ಕೆಲಸ ಎಂಬ ಉತ್ತರ ಬಂದಾಗ ಅವನ ದನಿ ಸಡಿಲವಾಯಿತು.

ಆಮೇಲಿನ ಸಂಭಾಷಣೆಯಲ್ಲಿ ಬೈಗುಳವಿರಲಿಲ್ಲ, ಉಪದೇಶವೂ ಇರಲಿಲ್ಲ. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಅಥವಾ ಮೊದಲ ಪಫ್ ಬೇಕಾಗುತ್ತದೆ, ಜ್ವರ ಬಂದು ಮಲಗಿದ ದಿನವೂ ಸೇದುತ್ತೀರಾ, ಹಿಂದೆ ಬಿಡಲು ಪ್ರಯತ್ನಿಸಿದಾಗ ಯಾವ ಸಂದರ್ಭದಲ್ಲಿ ಮತ್ತೆ ಕೈ ಹೋಯಿತು ಎಂಬಂಥ ಪ್ರಶ್ನೆಗಳು. ಕಚೇರಿಯ ಕೆಳಗಿನ ದರ್ಶಿನಿಯಲ್ಲಿ ಬೈಟು ಕಾಫಿ ಕುಡಿದ ಕೂಡಲೇ ಸಿಗರೇಟು, ಮೀಟಿಂಗ್ ನಡುವೆ ಶೌಚಾಲಯದಲ್ಲಿ ವೇಪ್, ರಾತ್ರಿ ಹಾಸಿಗೆಯ ಮೇಲೂ ವೇಪ್ ಎಂದು ತಮ್ಮ ಒಂದೊಂದಾಗಿ ಹೇಳಿದ. ಸಿಗರೇಟು ಸೇದಲು ಹೊರಗೆ ಹೋಗಲೇಬೇಕಾಗಿದ್ದವನು ವೇಪ್ ಬಂದ ಮೇಲೆ ಹೋಗಲಾಗದ ಜಾಗಗಳಲ್ಲೂ ನಿಕೋಟಿನ್ ಎಳೆಯುತ್ತಿದ್ದಾನೆ ಎಂಬುದು ಅವನ ಬಾಯಿಂದಲೇ ಹೊರಬಿತ್ತು. ಕೊನೆಗೆ ಬಿಡುವ ದಿನವೊಂದನ್ನು ಅವನಿಂದಲೇ ಗೊತ್ತು ಮಾಡಿಸಿ, ಆ ದಿನ ಮತ್ತು ಆಮೇಲೆ ಆಗಾಗ ತಾವೇ ಕರೆ ಮಾಡುವುದಾಗಿ ತಿಳಿಸಿ, ಚಟ ಬಲವಾಗಿರುವುದರಿಂದ ಕ್ಲಿನಿಕ್ಕಿಗೂ ಹೋಗಿ ಔಷಧಿಯ ನೆರವು ಪಡೆಯಿರಿ ಎಂದರು. ಹೇಳಿದಂತೆ ಮರುಕರೆಗಳು ಬಂದವು. ಈ ಸೇವೆಯಲ್ಲಿ ನಾನು ಅತ್ಯಂತ ಹೆಚ್ಚು ಬೆಲೆ ಕೊಡುವುದು ಇದಕ್ಕೆ. ನಮ್ಮ ಆರೋಗ್ಯ ವ್ಯವಸ್ಥೆಯಲ್ಲಿ ರೋಗಿಯನ್ನು ಹುಡುಕಿಕೊಂಡು ಬರುವ ಸೇವೆಗಳು ಹೆಚ್ಚಿಲ್ಲ.

ವೇಪಿನ ಬಗ್ಗೆ ಸಹಾಯವಾಣಿಯ ನಿಲುವು ಸ್ಪಷ್ಟವಾಗಿತ್ತು. ಬಿಡುವ ಸಾಧನವಾಗಿ ಅದನ್ನು ನಾವು ಸೂಚಿಸುವುದಿಲ್ಲ, ಎರಡನ್ನೂ ಬಿಡಬೇಕು ಎಂದರು. ಭಾರತದ ಬಹುಪಾಲು ವೈದ್ಯರ ನಿಲುವೂ ಇದೇ. ಅದಕ್ಕೊಂದು ಇತಿಹಾಸವಿದೆ, ಅದರಲ್ಲಿ ಕರ್ನಾಟಕದ ಪಾಲೂ ಇದೆ. ರಾಜ್ಯ ಸರ್ಕಾರ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರಲ್ಲಿ ದೇಶದ ನಾನಾ ರಾಜ್ಯಗಳ ಸಾವಿರಕ್ಕೂ ಹೆಚ್ಚು ವೈದ್ಯರು ನಿಷೇಧ ಕೋರಿ ಪ್ರಧಾನಿಗೆ ಪತ್ರ ಬರೆದರು. ಅದೇ ವರ್ಷ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ಶ್ವೇತಪತ್ರದಲ್ಲಿ ಸಂಪೂರ್ಣ ನಿಷೇಧವನ್ನು ಶಿಫಾರಸು ಮಾಡಿತು. ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಬಾರಿಗೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ. ದಾಸ್ತಾನು ಇಡುವುದಕ್ಕೂ ಶಿಕ್ಷೆಯಿದೆ. ಸೇದಿದ್ದಕ್ಕಾಗಿಯೇ ಶಿಕ್ಷೆ ವಿಧಿಸುವ ಪ್ರತ್ಯೇಕ ಕಲಂ ಆ ಕಾಯ್ದೆಯಲ್ಲಿಲ್ಲ. ವೈದ್ಯರು ಈ ಒಂದು ಮಾತನ್ನು ರೋಗಿಗಳಿಗೆ ತಿಳಿಸಿದರೆ ಎಷ್ಟೋ ಜನ ಸುಳ್ಳು ಹೇಳುವುದನ್ನು ಬಿಡುತ್ತಾರೆ.

ನಿಷೇಧ ಕೇಳಿದ ವೈದ್ಯರ ವಾದದಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವುದು ನಮ್ಮ ದೇಶದ ತಂಬಾಕಿನ ಸ್ವರೂಪ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡಾ 28.6ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇಕಡಾ 10.7, ಹೊಗೆರಹಿತ ತಂಬಾಕು ಬಳಸುವವರು ಶೇಕಡಾ 21.4. ಸೇದುವವರಲ್ಲೂ ಸಿಗರೇಟಿನವರಿಗಿಂತ ಬೀಡಿಯವರೇ ಹೆಚ್ಚು. ಶಿವಮೊಗ್ಗ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ದಿನಕ್ಕೆ ಎಷ್ಟೋ ಸಲ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಅವರಿಗೆ ಯಾವ ವೇಪೂ ಬದಲಿಯಾಗಲಾರದು. ಬೀಡಿ ಕಟ್ಟೊಂದನ್ನು ಚಿಲ್ಲರೆ ಕಾಸಿಗೆ ಕೊಳ್ಳುವ ಕೂಲಿಯವರೂ ದುಬಾರಿ ಸಾಧನದತ್ತ ಹೋಗುವುದಿಲ್ಲ. ಹಾಗಾದರೆ ಅದು ಯಾರ ಕೈ ಸೇರುತ್ತದೆ? ಕೈಯಲ್ಲಿ ಹಣವಿರುವ, ಹಣ್ಣಿನ ರುಚಿಗೆ ಮನಸೋಲುವ, ಅದುವರೆಗೆ ತಂಬಾಕನ್ನೇ ಮುಟ್ಟದ ನಗರದ ಹುಡುಗ ಹುಡುಗಿಯರ ಕೈ. ಅವರನ್ನು ಕಾಯಬೇಕೆಂದು ವೈದ್ಯರು ಹಟ ಹಿಡಿದದ್ದನ್ನು ನಾನು ಗೌರವಿಸುತ್ತೇನೆ.

ಬೇರೆ ದೇಶಗಳ ವೈದ್ಯರು ಬೇರೆ ನಿರ್ಧಾರಕ್ಕೆ ಬಂದಿದ್ದಾರೆ ಎಂಬುದನ್ನೂ ಮುಚ್ಚಿಡಬಾರದು, ಏಕೆಂದರೆ ಬೆಂಗಳೂರಿನ ಯುವಕರು ಅದನ್ನು ಅಂತರಜಾಲದಲ್ಲಿ ಓದಿಯೇ ಇರುತ್ತಾರೆ. ಸಿಗರೇಟಿನ ವಿರುದ್ಧ 1962ರಲ್ಲೇ ವರದಿ ಕೊಟ್ಟ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ, ಸೇದುವವರಿಗೆ ಬದಲಿಯಾಗಿ ಇ-ಸಿಗರೇಟನ್ನು ವ್ಯಾಪಕವಾಗಿ ಸೂಚಿಸಬಹುದು ಎಂದಿತು. 2023ರಲ್ಲಿ ಇಂಗ್ಲೆಂಡಿನ ಸರ್ಕಾರ ಹತ್ತು ಲಕ್ಷ ಧೂಮಪಾನಿಗಳಿಗೆ ಉಚಿತವಾಗಿ ವೇಪ್ ಕಿಟ್ ಕೊಡುವ ಯೋಜನೆಯನ್ನೇ ಪ್ರಕಟಿಸಿತು. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 886 ಜನರನ್ನು ಎರಡು ಗುಂಪು ಮಾಡಿದ್ದರು. ವರ್ಷದ ಕೊನೆಗೆ ಇ-ಸಿಗರೇಟು ಪಡೆದವರಲ್ಲಿ ಶೇಕಡಾ 18ರಷ್ಟು, ಗಮ್ ಮತ್ತು ಪ್ಯಾಚಿನಂಥ ನಿಕೋಟಿನ್ ಬದಲಿ ಪಡೆದವರಲ್ಲಿ ಶೇಕಡಾ 9.9ರಷ್ಟು ಜನ ಸಿಗರೇಟು ಬಿಟ್ಟಿದ್ದರು. ಇಷ್ಟನ್ನು ಓದಿದವರು ಅಲ್ಲಿಗೇ ನಿಲ್ಲುತ್ತಾರೆ. ಅದೇ ಅಧ್ಯಯನದ ಮುಂದಿನ ಸಾಲಿನಲ್ಲಿ, ಇ-ಸಿಗರೇಟಿನಿಂದ ಬಿಟ್ಟವರಲ್ಲಿ ಶೇಕಡಾ 80ರಷ್ಟು ಜನ ವರ್ಷದ ನಂತರವೂ ಇ-ಸಿಗರೇಟು ಸೇದುತ್ತಲೇ ಇದ್ದರು, ಇನ್ನೊಂದು ಗುಂಪಿನಲ್ಲಿ ಬದಲಿಯನ್ನು ಮುಂದುವರಿಸಿದವರು ಶೇಕಡಾ 9 ಮಾತ್ರ ಎಂದಿದೆ. ಎರಡೂ ಗುಂಪಿನವರಿಗೆ ವಾರವಾರವೂ ಸಮಾಲೋಚನೆಯ ಬೆಂಬಲವಿತ್ತು ಎಂಬುದೂ ಮುಖ್ಯ. ಅಂಗಡಿಯ ಹಿಂಬಾಗಿಲಲ್ಲಿ ಕೊಂಡುಕೊಂಡು ತನ್ನಷ್ಟಕ್ಕೆ ಸೇದುವವನ ಸ್ಥಿತಿಗೂ ಅದಕ್ಕೂ ಹೋಲಿಕೆಯಿಲ್ಲ.

ಬ್ರಿಟನ್ನಿನಲ್ಲಿ ವೈದ್ಯೆಯಾಗಿರುವ ನಮ್ಮ ಸೋದರತ್ತೆಯ ಮಗಳು ಫೋನಿನಲ್ಲಿ ತಮ್ಮನಿಗೆ ಹೇಳಿದ್ದು ಹೀಗೆ: "ನಾವು ಕೊಡುವುದು ಸೇದುವವರಿಗೆ ಮಾತ್ರ ಕಣೋ, ಅದೂ ಸಿಗರೇಟನ್ನು ಪೂರ್ತಿ ಬಿಡುವುದಕ್ಕೆ. ಅರ್ಧ ಅದು ಅರ್ಧ ಇದು ಮಾಡಿದರೆ ನಿನಗೆ ಸಿಕ್ಕ ಲಾಭ ಏನೂ ಇಲ್ಲ. ನೀನು ಇಟ್ಟುಕೊಂಡಿರುವ 50 ಮಿಲಿಗ್ರಾಮಿನದನ್ನು ಇಲ್ಲಿ ಮಾರುವಂತೆಯೇ ಇಲ್ಲ." ಆ ದೇಶವೂ ಮಕ್ಕಳ ಕೈಗೆ ವೇಪ್ ಹೋಗುವುದನ್ನು ಕಂಡು 2025ರ ಜೂನ್‌ನಿಂದ ಬಿಸಾಡುವ ಬಗೆಯ ವೇಪುಗಳ ಮಾರಾಟವನ್ನು ನಿಲ್ಲಿಸಿದೆ. ಆಸ್ಟ್ರೇಲಿಯಾದಲ್ಲಿ 2024ರ ಜುಲೈಯಿಂದ ವೇಪ್ ಮಾರಾಟ ಔಷಧಿ ಅಂಗಡಿಗಳಿಗಷ್ಟೇ ಸೀಮಿತ. ಅಂದರೆ ವೇಪಿನ ಪರ ಎನ್ನುವ ದೇಶಗಳ ವೈದ್ಯರೂ ಅದನ್ನು ಮಿಠಾಯಿ ಮಾರಿದ ಹಾಗೆ ಮಾರಬೇಕೆಂದು ಹೇಳುತ್ತಿಲ್ಲ.

ಇನ್ನು ವ್ಯಸನಮುಕ್ತಿ ಕೇಂದ್ರದ ವಿಷಯ. ಹೊರರೋಗಿ ಚೀಟಿ ಮಾಡಿಸಿ, ಸಾಕಷ್ಟು ಹೊತ್ತು ಕಾದ ಮೇಲೆ ನಮ್ಮ ಸರದಿ ಬಂತು. ಅಲ್ಲಿನ ನೋಂದಣಿ ಫಾರಂನಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಖೈನಿ, ಹೊಗೆಸೊಪ್ಪು ಎಲ್ಲಕ್ಕೂ ಪ್ರತ್ಯೇಕ ಜಾಗವಿತ್ತು. ವೇಪನ್ನು 'ಇತರೆ' ಎಂಬಲ್ಲಿ ಬರೆಯಬೇಕಾಯಿತು. ಇದು ಸಣ್ಣ ಕೊರತೆಯಲ್ಲ. ಕೇಳದಿದ್ದರೆ ಯಾರೂ ಹೇಳುವುದಿಲ್ಲ, ಹೇಳದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಾರದ ಸಮಸ್ಯೆಗೆ ಸರ್ಕಾರ ಹಣ ಇಡುವುದಿಲ್ಲ.

ವೈದ್ಯೆ ಮಾತ್ರ ಮನಸ್ಸು ಗೆದ್ದರು. ವೇಪನ್ನು ತಂದಿದ್ದೀರಾ ಎಂದು ಕೇಳಿ, ತಮ್ಮ ಹಿಂಜರಿಯುತ್ತ ಮೇಜಿನ ಮೇಲಿಟ್ಟಾಗ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು, 5% ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆಯುವ ಪುಟ್ಟ ಯಂತ್ರವನ್ನು ಕೊಟ್ಟರು. ಉಸಿರನ್ನು ಹದಿನೈದು ಸೆಕೆಂಡು ಹಿಡಿದು, ನಳಿಕೆಯೊಳಗೆ ನಿಧಾನವಾಗಿ ಪೂರ್ತಿ ಬಿಡಬೇಕು. "ಈಗ ಹೆಚ್ಚುಕಡಿಮೆ ವೇಪ್ ಒಂದೇ ಮೇಡಂ, ಸಿಗರೇಟು ಅಪರೂಪ" ಎಂದು ತಮ್ಮ ಅದಕ್ಕೆ ಮುಂಚೆ ಹೇಳಿದ್ದ. ಯಂತ್ರದ ಅಂಕಿ ಏರುತ್ತ ಹೋಗಿ ಸೇದುವವರ ಮಟ್ಟದಲ್ಲಿ ನಿಂತಿತು. "ವೇಪಿನಲ್ಲಿ ಏನೂ ಉರಿಯುವುದಿಲ್ಲ, ಹಾಗಾಗಿ ಅದರಿಂದ ಈ ಅಂಕಿ ಹೀಗೆ ಏರುವುದಿಲ್ಲ. ಇದು ಉರಿದ ತಂಬಾಕಿನ ಹೊಗೆ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಿಗರೇಟು ಇನ್ನೂ ಸೇದುತ್ತಿದ್ದೀರಿ," ಎಂದರು. ಗದರಿಸುವ ದನಿ ಅದಾಗಿರಲಿಲ್ಲ. ತಮ್ಮ ಆ ಅಂಕಿಯನ್ನೇ ನೋಡುತ್ತ ಕುಳಿತ. ಒಂದರ ಜೊತೆ ಇನ್ನೊಂದು ಸೇರಿಕೊಂಡಿದೆಯೇ ಹೊರತು ಒಂದರ ಬದಲು ಇನ್ನೊಂದು ಬಂದಿಲ್ಲ ಎಂಬುದು ಅವನಿಗೆ ಮನದಟ್ಟಾದದ್ದು ಅಲ್ಲಿಯೇ.

ಸಿಗರೇಟಿಗಿಂತ ವೇಪ್ ಕೆಟ್ಟದ್ದಂತೆ ಹೌದೇ ಎಂದು ಅವನು ನೇರವಾಗಿ ಕೇಳಿದ. ವೈದ್ಯೆಯ ಉತ್ತರವನ್ನು ನಾನು ಇತರ ವೈದ್ಯರೂ ಕೇಳಿಸಿಕೊಳ್ಳಲಿ ಎಂದು ಇಲ್ಲಿ ವಿವರವಾಗಿ ಬರೆಯುತ್ತೇನೆ. ಸಿಗರೇಟಿನ ಹೊಗೆಯಷ್ಟು ವಿಷ ಅದರಲ್ಲಿಲ್ಲ ಎಂದು ಇದುವರೆಗಿನ ಅಧ್ಯಯನಗಳು ಹೇಳುತ್ತವೆ, ಹಾಗೆಂದು ಅದು ಬರೀ ನೀರಾವಿಯಲ್ಲ ಎಂದರು. ವೇಪಿನ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ರುಚಿಯ ರಾಸಾಯನಿಕಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡಿನಂಥ ವಿಷಗಳು ಹುಟ್ಟಬಲ್ಲವು. ದಶಕಗಳ ಕಾಲ ಎಳೆದರೆ ಪುಪ್ಪುಸಕ್ಕೆ ಏನಾಗುತ್ತದೆ ಎಂದು ಹೇಳುವಷ್ಟು ಕಾಲ ಇನ್ನೂ ಆಗಿಲ್ಲ. ಅಮೆರಿಕದಲ್ಲಿ 2019ರಲ್ಲಿ ವೇಪ್ ಸೇದಿ ಸತ್ತರಲ್ಲ ಎಂದು ನಾನು ನಡುವೆ ಕೇಳಿದೆ. 2020ರ ಫೆಬ್ರವರಿ ಹೊತ್ತಿಗೆ ಅಲ್ಲಿ 2,807 ಜನ ಪುಪ್ಪುಸದ ತೀವ್ರ ತೊಂದರೆಗೆ ತುತ್ತಾಗಿದ್ದು, 68 ಜನ ಸತ್ತದ್ದು ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಗಾಂಜಾದ ಅಂಶವಿದ್ದ, ವಿಟಮಿನ್ ಇ ಅಸಿಟೇಟ್ ಬೆರೆಸಿದ ಕಳ್ಳಮಾಲಿಗೆ ಸಂಬಂಧಿಸಿದ್ದವು ಎಂದು ಬಿಡಿಸಿ ಹೇಳಿದರು. ಮುಂದಿನ ಮಾತು ತಮ್ಮನಿಗೆ ನಾಟಿತು: "ನಿಮ್ಮ ಕೈಯಲ್ಲಿರುವುದೂ ಕಳ್ಳಮಾಲೇ. ಅದರೊಳಗೆ ಏನಿದೆ ಎಂದು ನನಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ನನ್ನ ಹತ್ತಿರ ಪರೀಕ್ಷೆಯಾದ ನಿಕೋಟಿನ್ ಇದೆ. ಅದನ್ನು ಕೊಡುತ್ತೇನೆ, ಇದನ್ನು ಬಿಡಿ." ಬೇಡ ಎಂದ ಉಸಿರಿನಲ್ಲೇ ಬದಲಿಗೆ ಏನು ಎಂಬುದನ್ನೂ ಹೇಳಿದ ವೈದ್ಯರನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

ಮೂರ್ಛೆರೋಗದ ಇತಿಹಾಸವಿದೆಯೇ ಎಂದು ವಿಚಾರಿಸಿ, ಸೇದುವ ಆಸೆ ತಗ್ಗಿಸುವ, ಆದರೆ ಮೂರ್ಛೆರೋಗವಿರುವವರಿಗೆ ಕೊಡದ ಬುಪ್ರೊಪಿಯಾನ್ ಮಾತ್ರೆಯನ್ನು ಸದ್ಯಕ್ಕೆ ಬೇಡವೆಂದು ಪಕ್ಕಕ್ಕಿಟ್ಟು, ದಿನಕ್ಕೊಂದು ಪ್ಯಾಚು ಮತ್ತು ಆಸೆ ಉಕ್ಕಿದಾಗ ಗಮ್ ಎಂದು ಬರೆದರು. ಗಮ್ ಜಗಿಯುವ ಕ್ರಮವನ್ನು ಅಲ್ಲೇ ಒಂದು ಕೊಟ್ಟು ಕಲಿಸಿದರು. ಮೆಡಿಕಲ್ ಶಾಪಿನಲ್ಲಿ 2 ಮಿಲಿಗ್ರಾಮಿನ ಗಮ್ಮನ್ನು ಚೀಟಿಯಿಲ್ಲದೆ ಕೊಂಡು, ಚ್ಯೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಜಗಿದು, ಬಿಕ್ಕಳಿಕೆ ಮತ್ತು ಹೊಟ್ಟೆಯುರಿ ಬಂತೆಂದು ಬಿಟ್ಟವರು ಬಹಳ ಜನರಿದ್ದಾರೆ. ಖಾರದ ಚುರುಕು ನಾಲಗೆಗೆ ತಾಕುವವರೆಗೆ ನಿಧಾನವಾಗಿ ಜಗಿದು, ಅಡಿಕೆ ಹಾಕುವವರು ಹೋಳನ್ನು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳುವಂತೆ ಅದನ್ನು ಕೆನ್ನೆಯ ಒಳಗೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿದು ಜಾಗ ಬದಲಿಸಬೇಕು. ನಿಕೋಟಿನ್ ಹೀರಲ್ಪಡುವುದು ಬಾಯಿಯ ಒಳಚರ್ಮದಿಂದ, ಹೊಟ್ಟೆಯಿಂದಲ್ಲ. ಕಾಫಿ ಕುಡಿದು ಹದಿನೈದು ನಿಮಿಷದೊಳಗೆ ಜಗಿದರೆ ಕಾಫಿಯ ಹುಳಿಯಿಂದ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಕಾಫಿಯ ಬೆನ್ನಿಗೇ ಸಿಗರೇಟು ಬೇಕೆನ್ನುವ ನಮ್ಮವರಿಗೆ ಈ ವಿವರ ಬಹಳ ಮುಖ್ಯ, ಡಬ್ಬಿಯ ಮೇಲಿನ ಸಣ್ಣ ಅಕ್ಷರದಲ್ಲಿ ಅದನ್ನು ಯಾರೂ ಓದುವುದಿಲ್ಲ.

ನಡುವೆ ಗೆಳೆಯನ ಮದುವೆಯೊಂದರಲ್ಲಿ ತಮ್ಮ ಜಾರಿದ. ಅದರ ನಂತರ ಸಹಾಯವಾಣಿಯಿಂದ ಬಂದ ಕರೆಯನ್ನು ಎತ್ತಲು ಅವನಿಗೆ ನಾಚಿಕೆ. ಎತ್ತಿದಾಗ ಆ ಕಡೆಯಿಂದ ಬಂದ ಪ್ರಶ್ನೆ, ಯಾರ ಜೊತೆಯಿದ್ದಾಗ, ಯಾವ ಹೊತ್ತಿನಲ್ಲಿ ಸೇದಬೇಕೆನಿಸಿತು, ಮುಂದಿನ ಮದುವೆಗೆ ಹೋಗುವಾಗ ಜೇಬಿನಲ್ಲಿ ಏನಿರಬೇಕು ಎಂಬುದಾಗಿತ್ತು. ಅವನು ಮತ್ತೆ ಶುರು ಮಾಡಿದ. ಈಗ ಸಿಗರೇಟಿಲ್ಲ, ವೇಪೂ ಇಲ್ಲ; ಕೆಲಸದ ಒತ್ತಡದ ದಿನ ಗಮ್ ಇನ್ನೂ ಬೇಕಾಗುತ್ತದೆ, ಅದನ್ನೂ ಇಳಿಸುತ್ತ ಬರಬೇಕು ಎಂದು ವೈದ್ಯೆ ಹೇಳಿದ್ದಾರೆ. ಅಪ್ಪಯ್ಯ ಇದನ್ನೆಲ್ಲ ಕೇಳುತ್ತಿದ್ದಾರೆ, ಇನ್ನೂ ಒಪ್ಪಿಲ್ಲ.

ಸೇವೆಯ ಮಿತಿಗಳನ್ನೂ ಹೇಳಬೇಕು. ರಾತ್ರಿ 8ರ ನಂತರ ಮತ್ತು ಸೋಮವಾರ ಸಹಾಯವಾಣಿ ಇಲ್ಲ. ವೇಪ್ ಸೇದುವವರಲ್ಲಿ ಹೆಚ್ಚಿನವರು ರಾತ್ರಿ ತಡವಾಗಿ ಮಲಗುವ ವಯಸ್ಸಿನವರು, ಬಿಟ್ಟ ಮೊದಲ ವಾರದಲ್ಲಿ ಅವರಿಗೆ ಕಷ್ಟವಾಗುವುದೂ ಅದೇ ಹೊತ್ತಿನಲ್ಲಿ. ಸರ್ಕಾರ ಈ ಸಮಯವನ್ನು ವಿಸ್ತರಿಸಲೇಬೇಕು. ಸಂಖ್ಯೆ ಸಿಗರೇಟು ಮತ್ತು ಗುಟ್ಕಾದ ಪ್ಯಾಕಿನ ಮೇಲಷ್ಟೇ ಇದ್ದರೆ ಸಾಲದು, ಕಾಲೇಜು, ಪಿಜಿ, ಟೆಕ್ ಪಾರ್ಕುಗಳ ಗೋಡೆಯ ಮೇಲೂ ಇರಬೇಕು. ಮಾರಾಟಗಾರರ ವಿರುದ್ಧ ಕಾಯ್ದೆಯನ್ನು ಬಿಗಿಯಾಗಿ ಬಳಸದೆ ಅಂಗಡಿಯ ಹಿಂಬಾಗಿಲನ್ನು ಹಾಗೇ ಬಿಟ್ಟರೆ, ನಿಷೇಧ ಕೇಳಿ ಪಡೆದ ವೈದ್ಯರ ಶ್ರಮವೇ ವ್ಯರ್ಥವಾಗುತ್ತದೆ. ಮತ್ತು ವೈದ್ಯರಲ್ಲಿ ನನ್ನ ಕೋರಿಕೆ ಇದು: ಕೆಮ್ಮಿನ ಔಷಧಿ ಬರೆಯುವ ಚೀಟಿಯ ಕೆಳಗೆ ಈ ಸಂಖ್ಯೆಯನ್ನೂ ಬರೆಯಿರಿ. ಅದಕ್ಕೆ ಅರ್ಧ ನಿಮಿಷ ಸಾಕು.

ಕೇಂದ್ರಕ್ಕೆ ಹೋಗುವವರು ವೇಪ್ ಇದ್ದರೆ ಅದನ್ನೂ ಡಬ್ಬಿಯನ್ನೂ ಒಯ್ಯಿರಿ, ನಿಕೋಟಿನ್ ಪ್ರಮಾಣ ನೋಡಿ ಪ್ಯಾಚಿನ ಶಕ್ತಿ ನಿರ್ಧರಿಸಲು ವೈದ್ಯರಿಗೆ ಅನುಕೂಲ. ಸೇದುವುದನ್ನು ಕಡಿಮೆ ಮಾಡಿ ಹೇಳಬೇಡಿ, ಯಂತ್ರ ಹೇಗೂ ಹೇಳುತ್ತದೆ. ಮಾತನಾಡಲು ಸಂಕೋಚವಿರುವವರು 011-22901701 ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ತಂಬಾಕು ಬಿಡಲು ನೆರವಾಗುವ ಸಂದೇಶಗಳು ಫೋನಿಗೆ ಬರುತ್ತವೆ.